ಅಮೀರ್‌ಬಾಯಿ ಕರ್ನಾಟಕಿ ನಟಿಯೋ, ಗಾಯಕಿಯೋ?

ಪ್ರಶ್ನೆ: ನಾನು ಬೀಳಗಿ ಕಡೆಯವಳು, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಭಾಗದ ಕಲಾವಿದರನ್ನು ಮಕ್ಕಳಿಗೆ ಪರಿಚಯಿಸುವ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಅಮೀರ್‌ಬಾಯಿ ಕರ್ನಾಟಕಿ ನಮ್ಮೂರಿನವರು, ಮುಂಬೈಗೆ ಹೋಗಿ ದೊಡ್ಡ ಸಿನಿಮಾ ನಟಿ ಆದವರು ಅಂತ ಹಿರಿಯರು ಹೇಳುತ್ತಾರೆ. ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರಿನದೇ ಅಂತೆ. ಆದರೆ 'ಕಿಸ್ಮತ್' ಸಿನಿಮಾ ಪೂರ್ತಿ ನೋಡಿದರೂ ಅವರ ಮುಖ ಸಿಗಲಿಲ್ಲ. ಅವರು ನಿಜಕ್ಕೂ ನಟಿಯೋ, ಬರೀ ಗಾಯಕಿಯೋ? ಕನ್ನಡದವರಾಗಿ ಹಿಂದಿಯಲ್ಲೇ ಯಾಕೆ ಉಳಿದರು? ಲತಾ ಮಂಗೇಶ್ಕರ್ ಬಂದ ಮೇಲೆ ಮೂಲೆಗುಂಪಾದರು ಅನ್ನುವುದು ಖರೆಯೇ? ಮಕ್ಕಳಿಗೆ ಅವರ ಯಾವ ಹಾಡು ಕೇಳಿಸಲಿ?

ಉತ್ತರ: ಟೀಚರ್, ನೀವು ಮುಖ ಹುಡುಕಿದ್ದು ಸರಿ. ಆದರೆ ಹುಡುಕಿದ ಸಿನಿಮಾ ಬೇರೆಯಾಗಬೇಕಿತ್ತು. 'ಕಿಸ್ಮತ್'ನಲ್ಲಿ ಅಮೀರ್‌ಬಾಯಿ ತೆರೆಯ ಮೇಲೆ ಇಲ್ಲ. ಅಲ್ಲಿ ಕಾಣುವ ನಾಯಕಿ ಮುಮ್ತಾಜ್ ಶಾಂತಿ. ಅವರ ಬಾಯಿಂದ ಬರುವ ಹಾಡುಗಳ ದನಿ ನಿಮ್ಮ ಬೀಳಗಿಯದು. ಇದನ್ನು ಕೇಳಿದರೆ 'ಹಾಗಾದ್ರೆ ಗಾಯಕಿ ಅನ್ನಿ, ನಟಿ ಯಾಕೆ ಅಂತೀರಿ' ಎಂದು ಮಕ್ಕಳು ಕೇಳುತ್ತಾರೆ. ಅದಕ್ಕೆ ಉತ್ತರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಅವರು ಸಿನಿಮಾಕ್ಕೆ ಬಂದಾಗ ನಟಿ, ಗಾಯಕಿ ಅಂತ ಎರಡು ಕೆಲಸವೇ ಇರಲಿಲ್ಲ. ಮುಂದೆ ಅವರ ಕಣ್ಣೆದುರಿಗೇ ಆ ಕೆಲಸ ಎರಡಾಯಿತು. ಅವರ ಬದುಕಿನ ಏರು, ಇಳಿವು ಎರಡೂ ಇರುವುದು ಇಲ್ಲೇ.

ಮೊದಲು ಊರಿನ ಮಾತು. ಅಮೀರ್‌ಬಾಯಿ ಹುಟ್ಟಿದ್ದು ಬೀಳಗಿಯಲ್ಲಿ, ಕಳೆದ ಶತಮಾನದ ಆರಂಭದಲ್ಲಿ. ಆಗ ಬಾಗಲಕೋಟೆ ಜಿಲ್ಲೆ ಇರಲಿಲ್ಲ. ಅದು ಆದದ್ದು 1997ರಲ್ಲಿ. ಅಲ್ಲಿಯವರೆಗೆ ಬೀಳಗಿ ವಿಜಯಪುರ ಜಿಲ್ಲೆಯದೇ. ಹೀಗಾಗಿ ಹಳೆಯ ಬರಹಗಳಲ್ಲೆಲ್ಲ ಅವರು 'ಬಿಜಾಪುರದವರು'. ವಿಜಯಪುರದವರೂ ನಮ್ಮವರು ಅನ್ನುತ್ತಾರೆ, ಬಾಗಲಕೋಟೆಯವರೂ ನಮ್ಮವರು ಅನ್ನುತ್ತಾರೆ. ಇಬ್ಬರದೂ ತಪ್ಪಲ್ಲ. ಅವರ ಮನೆಮಾತು ಕನ್ನಡ. ಮನೆ ತುಂಬ ಮಕ್ಕಳು, ಅದರಲ್ಲಿ ಇಬ್ಬರು ಅಕ್ಕತಂಗಿಯರ ಹೆಸರು ದೂರ ದೂರಕ್ಕೆ ಹೋಯಿತು. ಅಕ್ಕ ಗೋಹರ್‌ಬಾಯಿ, ತಂಗಿ ಅಮೀರ್‌ಬಾಯಿ.

ಈ ಗೋಹರ್ ವಿಷಯದಲ್ಲಿ ತುಂಬ ಗೊಂದಲ ಇದೆ, ಮಕ್ಕಳಿಗೆ ಹೇಳುವ ಮುಂಚೆ ಬಿಡಿಸಿಕೊಳ್ಳಿ. ಹಳೆಯ ಸಂಗೀತ, ಸಿನಿಮಾದಲ್ಲಿ ಮೂವರು ಗೋಹರ್ ಇದ್ದಾರೆ. ಮೊದಲಿನವರು ಕಲ್ಕತ್ತೆಯ ಗೋಹರ್ ಜಾನ್, ಗ್ರಾಮೋಫೋನ್ ತಟ್ಟೆಗಳ ಮೊದಲ ಕಾಲದ ದೊಡ್ಡ ಹೆಸರು, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡವರು. ಎರಡನೆಯವರು ಮುಂಬೈಯ ರಂಜಿತ್ ಸ್ಟುಡಿಯೋದ ಮಿಸ್ ಗೋಹರ್. ಮೂರನೆಯವರು ನಮ್ಮ ಗೋಹರ್‌ಬಾಯಿ ಕರ್ನಾಟಕಿ. ಒಬ್ಬರ ಫೋಟೋ ಇನ್ನೊಬ್ಬರ ಹೆಸರಿನಡಿ ಹಾಕಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ನಿಮ್ಮ ಗೋಡೆಪತ್ರಿಕೆಯಲ್ಲಿ ಆ ತಪ್ಪು ಆಗದಿರಲಿ.

ನಮ್ಮ ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಜೊತೆಗೆ ಬೆಸೆದ ಹೆಸರು. ಹೆಣ್ಣು ಪಾತ್ರಕ್ಕೆ ಹೆಸರಾದ ಬಾಲಗಂಧರ್ವರಿಗೆ ವಯಸ್ಸಾದ ಮೇಲೆ, ಅವರ ಮಂಡಳಿಯಲ್ಲಿ ಹೆಣ್ಣು ಪಾತ್ರ ಮಾಡಲು ಬಂದವರು ಇವರು. 1951ರಲ್ಲಿ ಇಬ್ಬರೂ ಮದುವೆಯಾದರು. ಗೋಹರ್‌ಬಾಯಿ 1964ರಲ್ಲಿ, ಬಾಲಗಂಧರ್ವರು 1967ರಲ್ಲಿ ತೀರಿಕೊಂಡರು. ಮರಾಠಿಯಲ್ಲಿ ಈ ಸಂಬಂಧದ ಬಗ್ಗೆ ಒಳ್ಳೆಯದಕ್ಕಿಂತ ಕೆಟ್ಟ ಮಾತೇ ಜಾಸ್ತಿ ಬಂದಿದೆ. ಬೇರೆ ಧರ್ಮದ, ಬೇರೆ ಭಾಷೆಯ ಹೆಣ್ಣುಮಗಳು ಬಂದು ಕಂಪನಿ ಹಾಳಾಯಿತು ಅನ್ನುವ ಧಾಟಿ. ನನಗೆ ಅದನ್ನು ಓದಿದಾಗೆಲ್ಲ ಸಂಕಟವಾಗುತ್ತದೆ. ಗಂಧರ್ವ ಮಂಡಳಿಗೆ ಸಾಲ ಹತ್ತಿದ್ದು ಗೋಹರ್‌ಬಾಯಿ ಬರುವುದಕ್ಕಿಂತ ಮುಂಚೆಯೇ. ಮಾತಿನ ಸಿನಿಮಾ ಬಂದ ಮೇಲೆ ಎಲ್ಲ ಸಂಗೀತ ನಾಟಕ ಕಂಪನಿಗಳೂ ಸೋತವು. ಒಬ್ಬ ಹೆಂಗಸಿನ ತಲೆಗೆ ಅದನ್ನೆಲ್ಲ ಕಟ್ಟುವುದು ಅನ್ಯಾಯ.

ಈಗ ನಿಮ್ಮ ಎರಡನೇ ಪ್ರಶ್ನೆ ತೆಗೆದುಕೊಳ್ಳೋಣ. ಕನ್ನಡದವರಾಗಿ ಹಿಂದಿಯಲ್ಲೇ ಯಾಕೆ ಉಳಿದರು? ಇವತ್ತಿನ ನಕಾಶೆ ಮುಂದಿಟ್ಟುಕೊಂಡು ನೋಡಿದರೆ ಇದು ವಿಚಿತ್ರ ಅನ್ನಿಸುತ್ತದೆ. ಅವತ್ತಿನ ನಕಾಶೆ ನೋಡಿದರೆ ಏನೂ ವಿಚಿತ್ರವಲ್ಲ. 1956ರವರೆಗೆ ಬೆಳಗಾವಿ, ವಿಜಯಪುರ, ಧಾರವಾಡ ಇವೆಲ್ಲ ಮುಂಬೈ ಆಡಳಿತಕ್ಕೆ ಸೇರಿದ್ದವು. ಕೋರ್ಟು, ಕಾಲೇಜು, ವ್ಯಾಪಾರ ಎಲ್ಲಕ್ಕೂ ನಮ್ಮ ಮಂದಿ ಮುಖ ಮಾಡುತ್ತಿದ್ದುದು ಪುಣೆ, ಮುಂಬೈ ಕಡೆಗೆ. ರೈಲೂ ಅತ್ತಲೇ ಕರೆಯುತ್ತಿತ್ತು. ಗದಗಿನಿಂದ ಬಾಗಲಕೋಟೆ, ವಿಜಯಪುರದ ಮೇಲೆ ಸೊಲ್ಲಾಪುರದ ಹತ್ತಿರದ ಹೋಟಗಿಗೆ ಮೀಟರ್‌ಗೇಜ್ ಹಳಿ 1880ರ ದಶಕದಲ್ಲೇ ಬಿದ್ದಿತ್ತು. ಹೋಟಗಿಯಲ್ಲಿ ಇಳಿದು ದೊಡ್ಡ ಗಾಡಿ ಹತ್ತಿದರೆ ಮುಂಬೈ. ಬೆಂಗಳೂರು ಇನ್ನೊಂದು ರಾಜ್ಯದ ಊರು, ಮದ್ರಾಸು ಅದಕ್ಕಿಂತ ದೂರ.

ರಂಗಭೂಮಿಯ ಮಾತೂ ಹಾಗೆಯೇ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನಮ್ಮ ಭಾಗದಲ್ಲಿ ಕನ್ನಡ ಕಂಪನಿ, ಮರಾಠಿ ಕಂಪನಿ ಎರಡರ ತಂಬೂವೂ ಬೀಳುತ್ತಿತ್ತು, ಜನ ಎರಡನ್ನೂ ನೋಡುತ್ತಿದ್ದರು. ಹಾಡು ಬರುವ ಹುಡುಗಿಗೆ ಪೇಟಿ (ಹಾರ್ಮೋನಿಯಂ), ತಬಲಾ, ಠುಮರಿ, ನಾಟ್ಯಗೀತೆ ಎಲ್ಲ ಹುಟ್ಟಿದಲ್ಲೇ ಕಿವಿಗೆ ಬೀಳುತ್ತಿತ್ತು. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರ ಮೊದಲ ತಟ್ಟೆಗಳೂ 1932ರಲ್ಲಿ ಮುಂಬೈಯಲ್ಲೇ ಆದವು, ಅದೂ 'ಗಾಂಧಾರಿ ಹಾನಗಲ್' ಅನ್ನುವ ಹೆಸರಿನಲ್ಲಿ. ಹೊರಟ ದಾರಿ ಒಂದೇ. ಒಬ್ಬರು ಖ್ಯಾಲ್, ಅಂದರೆ ಹಿಂದೂಸ್ತಾನಿ ಶಾಸ್ತ್ರೀಯ ಗಾಯನ ಹಿಡಿದರು, ಇನ್ನೊಬ್ಬರು ಸಿನಿಮಾ ಹಿಡಿದರು.

ಇನ್ನು ಕನ್ನಡ ಸಿನಿಮಾ ಅಂದರೆ ಆಗ ಇದ್ದದ್ದಾದರೂ ಎಷ್ಟು? ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ತೆರೆಕಂಡದ್ದು 1934ರ ಮಾರ್ಚ್ 3ರಂದು. ಅದರ ಚಿತ್ರೀಕರಣ ನಡೆದದ್ದು ಬೆಳಗಾವಿಗೆ ಹತ್ತಿರದ ಕೊಲ್ಹಾಪುರದಲ್ಲೇ. ಆದರೆ ನಟರು, ತಂತ್ರಜ್ಞರು ಮೈಸೂರು ಸೀಮೆ, ಮದ್ರಾಸು ಕಡೆಯವರು. ಆಮೇಲೆ ಹತ್ತು ವರ್ಷ ಕನ್ನಡದಲ್ಲಿ ಬಂದದ್ದು ಬೆರಳೆಣಿಕೆಯ ಚಿತ್ರಗಳು. ಹೊಟ್ಟೆಪಾಡಿಗೆ ಹಾಡುವ ಹೆಣ್ಣುಮಗಳು ಅದನ್ನು ನಂಬಿ ಕೂರಲು ಆಗುತ್ತಿತ್ತಾ? ಅದೇ 1934ರಲ್ಲಿ, ಅಕ್ಕನ ನೆರವಿನಿಂದ, 'ವಿಷ್ಣುಭಕ್ತಿ' ಎಂಬ ಹಿಂದಿ ಚಿತ್ರದಲ್ಲಿ ಅಮೀರ್‌ಬಾಯಿಗೆ ಪಾತ್ರ ಸಿಕ್ಕಿತು. ಮುಂಬೈ ಅವರನ್ನು ಊರಿನ ಗುರುತಿನಿಂದಲೇ ಕರೆಯಿತು. ಅವರೂ ಕೊನೆಯವರೆಗೆ 'ಕರ್ನಾಟಕಿ' ಬಿಡಲಿಲ್ಲ. ಭಾಷೆ ಬಿಟ್ಟು ಹೋದರು ಅಂತ ಯಾರಾದರೂ ಅಂದರೆ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973ರಲ್ಲಿ, ಅದಕ್ಕೆ ಎಷ್ಟೋ ವರ್ಷ ಮುಂಚೆ ಈ ಹೆಸರು ಹಿಂದಿ ಸಿನಿಮಾದಲ್ಲಿ ಓಡಾಡುತ್ತಿತ್ತು ಅಂತ ಹೇಳಿ.

ಈಗ ನಟಿಯೋ, ಗಾಯಕಿಯೋ ಅನ್ನುವ ಮೂಲ ಪ್ರಶ್ನೆ.

1931ರಲ್ಲಿ ಮೊದಲ ಮಾತಿನ ಹಿಂದಿ ಚಿತ್ರ 'ಆಲಂ ಆರಾ' ಬಂದಾಗಿನಿಂದ ನಾಲ್ಕೈದು ವರ್ಷ ಸಿನಿಮಾ ಹಾಡು ಹೇಗೆ ಆಗುತ್ತಿತ್ತು ಅನ್ನುವುದನ್ನು ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳಿ, ಅವರಿಗೆ ಇದು ತುಂಬ ಹಿಡಿಸುತ್ತದೆ. ಕ್ಯಾಮೆರಾ ಮುಂದೆ ನಿಂತವಳೇ ಹಾಡಬೇಕು. ಮೈಕು ಎಲ್ಲೋ ಮೇಲೆ, ಚೌಕಟ್ಟಿನ ಆಚೆ. ಪೇಟಿಯವರು, ತಬಲಾದವರು ಮರದ ಹಿಂದೆ, ಪರದೆಯ ಹಿಂದೆ ಅಡಗಿ ಕೂತಿರುತ್ತಿದ್ದರು. ಹಾಡಿನ ನಡುವೆ ಯಾರಾದರೂ ಕೆಮ್ಮಿದರೆ ಮೊದಲಿನಿಂದ ಮತ್ತೆ ಶುರು. ನಟಿ ನಡೆಯಬೇಕು, ಕೈ ಆಡಿಸಬೇಕು, ಕಣ್ಣೀರು ತರಬೇಕು, ಅದೇ ಉಸಿರಿನಲ್ಲಿ ಸುರ ಹಿಡಿಯಬೇಕು. ಹಾಡು ಬರದವರಿಗೆ ನಾಯಕಿ ಪಾತ್ರ ಸಿಗುವುದೇ ಕಷ್ಟ. ಅಮೀರ್‌ಬಾಯಿ ತಯಾರಾದದ್ದು ಈ ಕಾಲದಲ್ಲಿ.

1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು ಹಾಡನ್ನು ಮೊದಲೇ ರೆಕಾರ್ಡ್ ಮಾಡಿ, ಆಮೇಲೆ ನಟರಿಂದ ತುಟಿ ಆಡಿಸುವ ಪದ್ಧತಿ ತಂದರು. ಇದು ಒಮ್ಮೆಲೇ ಎಲ್ಲ ಕಡೆ ಹರಡಲಿಲ್ಲ. ಹೆಚ್ಚುಕಡಿಮೆ ಹತ್ತು ವರ್ಷ ಎರಡೂ ಜೊತೆಗೆ ನಡೆದವು. ಈ ನಡುಗಾಲದಲ್ಲಿ ಅಮೀರ್‌ಬಾಯಿ ಎರಡೂ ಕಡೆ ಇದ್ದಾರೆ. ಮುಖ ಬೇಕಿದ್ದರೆ 1940ರ 'ನರಸಿ ಭಗತ್' ನೋಡಿ. ವಿಜಯ್ ಭಟ್ ನಿರ್ದೇಶನ, ವಿಷ್ಣುಪಂತ್ ಪಾಗನೀಸ್ ಮತ್ತು ದುರ್ಗಾ ಖೋಟೆ ಇರುವ ಚಿತ್ರ. ಅದರಲ್ಲಿ ಅಮೀರ್‌ಬಾಯಿ ಪಾತ್ರವನ್ನೂ ಮಾಡಿದ್ದಾರೆ, ಗಾಂಧೀಜಿಗೆ ಪ್ರಿಯವಾದ 'ವೈಷ್ಣವ ಜನ ತೋ' ಹಾಡಿದವರಲ್ಲೂ ಒಬ್ಬರು. ಬೀಳಗಿಯ ಮುಸ್ಲಿಂ ಮನೆಯ ಕನ್ನಡತಿ ಗುಜರಾತಿ ಸಂತನ ಪದ ಹಾಡುತ್ತಾರೆ. ನಮ್ಮ ಶರಣರ, ಸೂಫಿಗಳ ಸೀಮೆಯಲ್ಲಿ ಬೆಳೆದವರಿಗೆ ಇದು ದೊಡ್ಡ ಆಶ್ಚರ್ಯವೇನೂ ಅಲ್ಲ ಬಿಡಿ. ಗುಜರಾತಿ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಮುಂದೆ 1946ರ ಗುಜರಾತಿ ಚಿತ್ರ 'ರಾಣಕದೇವಿ'ಯಲ್ಲಿ ಅವರು ಹಾಡಿದ 'ಮಾರೇ ತೇ ಗಾಮಡೇ' ಆ ನಾಡಿನಲ್ಲಿ ಮನೆಮಾತಾಯಿತು.

ಆಮೇಲೆ ಬಂತು 'ಕಿಸ್ಮತ್', 1943ರಲ್ಲಿ. ಬಾಂಬೆ ಟಾಕೀಸ್ ಸ್ಟುಡಿಯೋದ ಚಿತ್ರ, ಗ್ಯಾನ್ ಮುಖರ್ಜಿ ನಿರ್ದೇಶನ, ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಸಾಹಿತ್ಯ, ಅಶೋಕ್ ಕುಮಾರ್ ನಾಯಕ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರ ಒಂದರಲ್ಲೇ ಮೂರು ವರ್ಷಕ್ಕಿಂತ ಜಾಸ್ತಿ ಓಡಿತು. ನೀವು ಸಿನಿಮಾ ನೋಡಿದ್ದೀರಿ, ಆದ್ದರಿಂದ ಕಥೆ ಬೇಡ. ನಾಯಕಿ ರಾಣಿಯನ್ನು ಮಾತ್ರ ಇನ್ನೊಮ್ಮೆ ನೆನೆಸಿಕೊಳ್ಳಿ. ಒಂದು ಕಾಲಕ್ಕೆ ಅವಳ ಅಪ್ಪ ನಾಟಕಶಾಲೆಯ ಮಾಲೀಕ. ಮಗಳನ್ನು ಕುಣಿಸಿ ಕುಣಿಸಿ ಅವಳ ಕಾಲು ಹೋಯಿತು. ಈಗ ಅದೇ ಥಿಯೇಟರಿನಲ್ಲಿ ಅವಳು ಕೂಲಿಗೆ ಹಾಡುತ್ತಾಳೆ. ಆ ಪಾತ್ರ ಹೆಚ್ಚು ಓಡಾಡುವ ಹಾಗಿಲ್ಲ. ಅವಳ ನೋವು, ಹಟ, ಆಸೆ ಎಲ್ಲ ಹಾಡಿನಲ್ಲೇ ಹೊರಬರಬೇಕು. ಅಂದರೆ ಆ ಪಾತ್ರದ ಬಹುಪಾಲನ್ನು ನಟಿಸಿದ್ದು ಅಮೀರ್‌ಬಾಯಿ. ನಾನು ಇದನ್ನು ಉಪಚಾರಕ್ಕೆ ಹೇಳುತ್ತಿಲ್ಲ. 'ಘರ್ ಘರ್ ಮೇ ದಿವಾಲಿ ಹೈ' ಹಾಡನ್ನು ಚಿತ್ರ ನೋಡದೆ, ಬರೀ ಕಿವಿಯಿಂದ ಕೇಳಿ. ಎಲ್ಲರ ಮನೆಯಲ್ಲೂ ದೀಪಾವಳಿ, ನನ್ನ ಮನೆಯಲ್ಲಿ ಕತ್ತಲೆ ಅನ್ನುವ ಮಾತು ಅದು. ಇಂಥ ಸಾಲನ್ನು ಅಳುತ್ತಾ ಹಾಡುವುದು ಸುಲಭ. ಅವರು ಅಳುವುದಿಲ್ಲ. ದನಿ ಗಟ್ಟಿಯಾಗಿಯೇ ನಿಲ್ಲುತ್ತದೆ. ನಾಟಕದ ಹೆಣ್ಣುಮಗಳು ರಂಗದ ಮೇಲೆ ಅಳು ನುಂಗಿ ಹಾಡುವ ಹಾಗೆ ಹಾಡುತ್ತಾರೆ. ರಾಣಿ ಕೂಡ ಆ ಹೊತ್ತಿಗೆ ರಂಗದ ಮೇಲೆಯೇ ಇದ್ದಾಳೆ, ಅಲ್ವಾ? ಸನ್ನಿವೇಶ ತಿಳಿದು ಹಾಡುವುದು ಅಂದರೆ ಇದು.

ಅದೇ ಚಿತ್ರದ 'ದೂರ್ ಹಟೋ' ಹಾಡಿನ ಕಥೆ ಮಕ್ಕಳಿಗೆ ಖಂಡಿತ ಹೇಳಿ. ಖಾನ್ ಮಸ್ತಾನಾ ಮತ್ತು ಸಂಗಡಿಗರ ಜೊತೆ ಅಮೀರ್‌ಬಾಯಿ ಹಾಡಿದ್ದು. ಹಿಂದುಸ್ತಾನ ನಮ್ಮದು, ದೂರ ಸರಿಯಿರಿ ಅನ್ನುವ ಹಾಡು. 'ಭಾರತ ಬಿಟ್ಟು ತೊಲಗಿ' ಚಳವಳಿ ಶುರುವಾಗಿ ಆರು ತಿಂಗಳೂ ಆಗಿರಲಿಲ್ಲ, ನಾಯಕರೆಲ್ಲ ಜೈಲಿನಲ್ಲಿದ್ದರು. ಬ್ರಿಟಿಷರ ಸೆನ್ಸಾರ್ ಇದನ್ನು ಹೇಗೆ ಬಿಟ್ಟಿತು? ಹಾಡಿನೊಳಗೆ ಜರ್ಮನ್, ಜಪಾನಿಗಳ ಹೆಸರು ಇತ್ತು. ಆಗ ಯುದ್ಧ ನಡೆಯುತ್ತಿತ್ತು, ಅವರು ಬ್ರಿಟಿಷರಿಗೂ ಶತ್ರುಗಳು. ಕಾಗದದ ಮೇಲೆ ಹಾಡು ಸರ್ಕಾರದ ಪರ. ಟಾಕೀಸಿನ ಬೆಂಚಿನಲ್ಲಿ ಕೂತ ಪ್ರೇಕ್ಷಕನಿಗೆ ಮಾತ್ರ ಯಾರಿಗೆ 'ದೂರ ಸರಿ' ಅಂದದ್ದು ಅಂತ ಚೆನ್ನಾಗಿ ಗೊತ್ತಾಯಿತು. ಅರ್ಥ ಬಯಲಾದ ಮೇಲೆ ಬಂಧನದ ಭಯದಿಂದ ಪ್ರದೀಪ್ ಕೆಲಕಾಲ ತಲೆಮರೆಸಿಕೊಂಡಿದ್ದರು. ಸ್ವಾತಂತ್ರ್ಯ ಹೋರಾಟದ ಪಾಠ ಮಾಡುವಾಗ ಬೀಳಗಿಯ ಹೆಸರು ಈ ದಾರಿಯಲ್ಲೂ ಬರಬಹುದು.

'ಕಿಸ್ಮತ್' ಆದ ಮೇಲೆ ಅವರ ದನಿಗೆ ಬಿಡುವೇ ಇರಲಿಲ್ಲ. 1944ರ 'ರತನ್', ನೌಷಾದ್ ಸಂಗೀತ. ಅದೇ ವರ್ಷದ 'ಭರ್ತೃಹರಿ', ಖೇಮಚಂದ್ ಪ್ರಕಾಶ್ ಸಂಗೀತ. 1947ರ 'ಶಹನಾಯಿ', ಸಿ. ರಾಮಚಂದ್ರ ಸಂಗೀತ. ಆ ಚಿತ್ರ ತೆರೆಕಂಡದ್ದು ಸರಿಯಾಗಿ 1947ರ ಆಗಸ್ಟ್ 15ರಂದು. ಒಟ್ಟು ಸುಮಾರು 150 ಚಿತ್ರಗಳಲ್ಲಿ 380ರಷ್ಟು ಹಾಡು ಅನ್ನುವ ಲೆಕ್ಕ ಸಾಮಾನ್ಯವಾಗಿ ಕೊಡುತ್ತಾರೆ. 1948ರ 'ಶಹನಾಜ್' ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನ ಮಾಡಿದರು. ಆ ಕಾಲದಲ್ಲಿ ಬಾಂಬೆ ಟಾಕೀಸ್‌ನ ಸರಸ್ವತಿದೇವಿಯಂಥ ಒಬ್ಬಿಬ್ಬರು ಬಿಟ್ಟರೆ ಹೆಂಗಸರು ಆ ಕುರ್ಚಿಯಲ್ಲಿ ಕೂತದ್ದೇ ಇಲ್ಲ. ಗಾಯಕಿಯಾಗಿ ಅವರನ್ನು ನೆನೆಯುವವರೂ ಈ ಮಾತು ಮರೆಯುತ್ತಾರೆ, ನನಗದು ಬೇಸರ.

ಇಷ್ಟೆಲ್ಲ ಇದ್ದೂ ಹೆಸರು ಯಾಕೆ ಮಸುಕಾಯಿತು? ದನಿಗೆ ಬೆಲೆ ಬಂದಷ್ಟೂ ಮುಖ ಹಿಂದೆ ಸರಿಯಿತು. ಹಾಡಿದವರ ಹೆಸರನ್ನು ಸಿನಿಮಾದ ಆರಂಭದ ಪಟ್ಟಿಯಲ್ಲಿ ಹಾಕುವ ರೂಢಿ ಆಗ ಗಟ್ಟಿಯಾಗಿರಲಿಲ್ಲ. ತಟ್ಟೆಯ ಮೇಲೂ ಎಷ್ಟೋ ಸಲ ಪಾತ್ರದ ಹೆಸರೇ ಅಚ್ಚಾಗುತ್ತಿತ್ತು. 1949ರ 'ಮಹಲ್' ಚಿತ್ರದ ಲತಾ ಅವರ ಹೆಸರಾಂತ ಹಾಡಿನ ಮೊದಲ ತಟ್ಟೆಯಲ್ಲೂ ಗಾಯಕಿ 'ಕಾಮಿನಿ' ಅಂತ ಇತ್ತು, ಅದು ಪಾತ್ರದ ಹೆಸರು. ರೇಡಿಯೋಕ್ಕೆ ಪತ್ರಗಳು ಬಂದ ಮೇಲೆ ಲತಾ ಅವರ ಹೆಸರು ಹೊರಬಿತ್ತು. ಅವರಿಗಿಂತ ಮುಂಚಿನ ಪೀಳಿಗೆಗೆ ಆ ಅದೃಷ್ಟ ಅಷ್ಟಾಗಿ ಸಿಗಲಿಲ್ಲ.

ಇನ್ನು ಲತಾ ಬಂದು ಮೂಲೆಗುಂಪು ಮಾಡಿದರು ಅನ್ನುವ ಮಾತು. ಇದನ್ನು ಹಾಗೇ ಒಪ್ಪಬೇಡಿ. 1949ರ ಸುಮಾರಿಗೆ ಲತಾ ಮೇಲೆ ಬಂದದ್ದು ನಿಜ, ಅಮೀರ್‌ಬಾಯಿಗೆ ಹಾಡು ಕಡಿಮೆಯಾದದ್ದೂ ನಿಜ. ಆದರೆ ಕಡಿಮೆಯಾದದ್ದು ಅವರೊಬ್ಬರಿಗೇ ಅಲ್ಲ. ಜೊಹ್ರಾಬಾಯಿ ಅಂಬಾಲೆವಾಲಿ, ರಾಜಕುಮಾರಿ ಇವರಿಗೂ ಅದೇ ಆಯಿತು. ಅಂದರೆ ಬದಲಾದದ್ದು ಇಡೀ ಕಾಲದ ಕಿವಿ. ಅಮೀರ್‌ಬಾಯಿ ಪೀಳಿಗೆಯ ದನಿ ಮೈಕಿಲ್ಲದ ರಂಗಮಂದಿರದಲ್ಲಿ ಹಿಂದಿನ ಸಾಲಿಗೂ ಮುಟ್ಟಬೇಕಾಗಿದ್ದ ದನಿ. ಎದೆಯಿಂದ ಬರುವಂಥದ್ದು, ತೂಕ ಇರುವಂಥದ್ದು. ಮೈಕು ಸೂಕ್ಷ್ಮವಾದಂತೆ ಆ ತೂಕ ಬೇಡವಾಯಿತು. ವಾದ್ಯಮೇಳ ದೊಡ್ಡದಾಯಿತು, ಅದರ ಮೇಲೆ ತೇಲುವ ಎತ್ತರದ, ತೆಳ್ಳನೆಯ ದನಿ ಬೇಕಾಯಿತು. ನಾಯಕಿಯರೂ ಎಳೆಯ ಹುಡುಗಿಯರು. ಮೇಲಿಂದ ದೇಶ ಎರಡಾಯಿತು. ಹಾಡುವ ನಟಿಯರಾದ ನೂರ್ ಜಹಾನ್, ಖುರ್ಷಿದ್ ಪಾಕಿಸ್ತಾನಕ್ಕೆ ಹೋದರು. ಹಳೆಯ ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕಿದವು. ಇವರ ದನಿಯ ಬೆಲೆ ತಿಳಿದಿದ್ದ ವ್ಯವಸ್ಥೆಯೇ ಚದುರಿಹೋಯಿತು. ಅಮೀರ್‌ಬಾಯಿ ಇಲ್ಲೇ ಉಳಿದರು.

ಇದನ್ನು ಕಿವಿಯಿಂದಲೇ ತಿಳಿಯಬೇಕಿದ್ದರೆ ಒಂದು ಹಾಡಿದೆ. 1950ರ 'ಸಮಾಧಿ' ಚಿತ್ರದ 'ಗೋರೇ ಗೋರೇ'. ನಿಮ್ಮ ಮಕ್ಕಳಿಗೂ ಗೊತ್ತಿರುತ್ತದೆ. ಲತಾ ಮತ್ತು ಅಮೀರ್‌ಬಾಯಿ ಜೊತೆಗೆ ಹಾಡಿದ್ದು, ತೆರೆಯ ಮೇಲೆ ನಳಿನಿ ಜಯವಂತ್ ಮತ್ತು ಕುಲದೀಪ್ ಕೌರ್. ಜನ ಇದನ್ನು ಸುಮ್ನೆ ಲತಾ ಹಾಡು ಅಂದುಬಿಡುತ್ತಾರೆ. ಎರಡನೇ ದನಿಗೆ ಕಿವಿ ಕೊಡಿ. ಮೊದಲ ದನಿ ಬಾಣದ ಹಾಗೆ ನೇರ ಹೋಗುತ್ತದೆ. ಎರಡನೆಯದು ದುಂಡಗಿದೆ, ಸ್ವಲ್ಪ ಕೆಳಗಿದೆ, ಮಾತಿನಲ್ಲಿ ಕೀಟಲೆ ಇದೆ. ಇಬ್ಬರೂ ಸೋತಿಲ್ಲ. ಎರಡು ಕಾಲಗಳು ಮೂರು ನಿಮಿಷ ಒಂದೇ ಮೈಕಿನ ಮುಂದೆ ನಿಂತಿವೆ. ನಗುನಗುತ್ತಾ ಹಾಡಿದ್ದಾರೆ.

ಹಾಡು ಕಡಿಮೆಯಾದಾಗ ಅಮೀರ್‌ಬಾಯಿ ಏನು ಮಾಡಿದರು? ಮತ್ತೆ ನಟನೆಗೆ ಹೊರಳಿದರು. ಐವತ್ತರ ದಶಕದಲ್ಲಿ ಪೋಷಕ ಪಾತ್ರಗಳಲ್ಲಿ ಕಾಣುತ್ತಾರೆ. ಹಾಡಲು ಬರುತ್ತದೆ ಅಂತ ನಟಿಯಾದವರು, ಹಾಡು ಹೋದ ಮೇಲೂ ನಟಿಯಾಗಿ ಅನ್ನ ದುಡಿದರು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಬೇಡ ಅನ್ನಿಸುತ್ತದೆ.

ಸಂಸಾರದ ವಿಷಯ ಜಾಸ್ತಿ ಹಿಗ್ಗಿಸಬೇಡಿ. ಖಳ ಪಾತ್ರಗಳಿಗೆ ಹೆಸರಾಗಿದ್ದ ನಟ ಹಿಮಾಲಯವಾಲಾ ಅವರೊಂದಿಗಿನ ಮೊದಲ ಮದುವೆ ಸುಖ ಕೊಡಲಿಲ್ಲ, ಅದು ಮುರಿಯಿತು. ಆತ ಮುಂದೆ ಪಾಕಿಸ್ತಾನಕ್ಕೆ ಹೋದರು. ಆಮೇಲೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು, ಆ ಬಾಳು ನೆಮ್ಮದಿಯದಾಗಿತ್ತು. ಇಷ್ಟು ಸಾಕು. ಹಳೆಯ ನಟಿಯರ ಬಗ್ಗೆ ಬರೆಯುವವರು ಹಾಡು, ಪಾತ್ರ ಎರಡು ಸಾಲಿನಲ್ಲಿ ಮುಗಿಸಿ ಉಳಿದದ್ದೆಲ್ಲ ಕಣ್ಣೀರು ತುಂಬುತ್ತಾರೆ. ಮೂವತ್ತು ವರ್ಷ ದುಡಿದ ಹೆಣ್ಣುಮಗಳಿಗೆ ಅದು ಮರ್ಯಾದೆಯಲ್ಲ. 1965ರಲ್ಲಿ ಪಾರ್ಶ್ವವಾಯು ಹೊಡೆದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಮಣ್ಣು ಆದದ್ದು ವಿಜಯಪುರದಲ್ಲಿ. ಅಮೀರ್ ಟಾಕೀಸ್ ಅವರದೇ ಹೆಸರಿನದು, ಹಿರಿಯರು ನಿಮಗೆ ಹೇಳಿದ್ದು ಸರಿಯಿದೆ.

ಇನ್ನು ಕಾರ್ಯಕ್ರಮ. ಮಕ್ಕಳಿಗೆ ಮೂರು ಹಾಡು ಸಾಕು, ಅದಕ್ಕಿಂತ ಹೆಚ್ಚು ಬೇಡ. 'ದೂರ್ ಹಟೋ'ದಿಂದ ಶುರು ಮಾಡಿ, ಅದರ ನಡಿಗೆಗೆ ಮಕ್ಕಳು ತಾವೇ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ 'ಗೋರೇ ಗೋರೇ' ಹಾಕಿ, ಯಾವ ದನಿ ಬೀಳಗಿಯದು ಅಂತ ಕೇಳಿ. ಈ ಆಟ ಚೆನ್ನಾಗಿ ನಡೆಯುತ್ತದೆ. ಕೊನೆಗೆ 'ರತನ್' ಚಿತ್ರದ 'ಮಿಲ್ ಕೆ ಬಿಛಡ್ ಗಯೀ ಅಖಿಯಾಂ'. ನನಗೆ ಅವರ ಹಾಡುಗಳಲ್ಲೆಲ್ಲ ಇದೇ ಹೆಚ್ಚು ಇಷ್ಟ. ಅದರಲ್ಲಿ 'ಹಾಯ್ ರಾಮಾ' ಅನ್ನುವ ಉದ್ಗಾರ ಪದೇ ಪದೇ ಬರುತ್ತದೆ. ನಮ್ಮ ಅಜ್ಜಿಯಂದಿರು ಕಟ್ಟೆಯ ಮೇಲೆ ಕೂತು 'ಯಪ್ಪಾ' ಅನ್ನುತ್ತಾರಲ್ಲ, ಒಮ್ಮೆ ದಣಿವಿಗೆ, ಒಮ್ಮೆ ನೆನಪಿಗೆ, ಅಂಥ ಮಾತು ಅದು. ಅಮೀರ್‌ಬಾಯಿ ಅದನ್ನು ಪ್ರತಿ ಸಲ ಬೇರೆ ಭಾವದಲ್ಲಿ ಇಳಿಸುತ್ತಾರೆ. ಹಿಂದಿ ಬರದ ಮಗುವಿಗೂ ತಿಳಿಯುತ್ತದೆ.

ಒಂದು ತಾಂತ್ರಿಕ ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಯೂಟ್ಯೂಬ್‌ನಲ್ಲಿರುವ ಹಳೆಯ ಹಾಡುಗಳಲ್ಲಿ ಎಷ್ಟೋ ಸರಿಯಾದ ವೇಗದಲ್ಲಿಲ್ಲ. ಮೂಲ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಬೇಕು. ಯಂತ್ರ ಸ್ವಲ್ಪ ಜೋರು ತಿರುಗಿದರೂ ದನಿ ಎತ್ತರ ಹೋಗುತ್ತದೆ, ತೆಳ್ಳಗಾಗುತ್ತದೆ, ಅವರ ದನಿಯ ದುಂಡು ಮಾಯ. ಇನ್ನು ಕೆಲವರು ಗರಗರ ಸದ್ದು ತೆಗೆಯಲು ಹೋಗಿ ಹಾಡಿನ ಉಸಿರನ್ನೇ ತೆಗೆದುಬಿಟ್ಟಿರುತ್ತಾರೆ, ಅದು ಕಂಬಳಿ ಹೊದೆಸಿ ಹಾಡಿಸಿದ ಹಾಗೆ ಕೇಳುತ್ತದೆ. ಒಂದೇ ಹಾಡಿನ ಮೂರ್ನಾಲ್ಕು ಪ್ರತಿ ಹಾಕಿ ನೋಡಿ. ನಿಧಾನ ಅನ್ನಿಸುವ, ಸ್ವಲ್ಪ ಗರಗರ ಇರುವ ಪ್ರತಿಯೇ ಹೆಚ್ಚಾಗಿ ಮೂಲಕ್ಕೆ ಹತ್ತಿರ. ಮೊಬೈಲ್ ಸ್ಪೀಕರ್ ಬೇಡ. ಶಾಲೆಯ ಪ್ರಾರ್ಥನೆಯ ಸ್ಪೀಕರ್ ಆದರೂ ಸರಿ, ಅದರಲ್ಲಿ ಕೆಳಗಿನ ಸುರ ಕೇಳಿಸುತ್ತದೆ.

ಊರಲ್ಲಿ ಯಾರ ಮನೆಯಲ್ಲಾದರೂ ಹಳೆಯ ತಟ್ಟೆ ಸಿಕ್ಕರೆ ಮಕ್ಕಳ ಕೈಗೆ ಕೊಡುವ ಮುಂಚೆ ಜೋಪಾನ. ಅವು ಅರಗಿನವು, ಬಿದ್ದರೆ ಗಾಜಿನಂತೆ ಒಡೆಯುತ್ತವೆ. ಈಗಿನ ಪ್ಲೇಯರ್‌ನ ಎಲ್‌ಪಿ (ನಂತರದ ಕಾಲದ, ನಿಧಾನ ತಿರುಗುವ ತಟ್ಟೆ) ಮುಳ್ಳು ಅವಕ್ಕೆ ಆಗುವುದಿಲ್ಲ, ಅದರ ತುದಿ ತೀರಾ ಸಣ್ಣದು, ಆ ಗೆರೆಗೆ ಅಗಲದ ಮುಳ್ಳು ಬೇಕು. ಕೀಲಿ ಕೊಡುವ ಹಳೆಯ ಫೋನೋ ಇದ್ದರೆ ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಬೇಕು. ಇಲ್ಲದಿದ್ದರೆ ಸವೆದ ಮುಳ್ಳು ತಟ್ಟೆಯನ್ನು ಕೊರೆಯುತ್ತದೆ. ನಿಂತ ತಟ್ಟೆಯ ಮೇಲಿನ ಹೆಸರಿನ ಚೀಟಿ ಮಾತ್ರ ಮಕ್ಕಳು ಓದಲಿ. ಅಲ್ಲಿ ಚಿತ್ರದ ಹೆಸರು, ಕಂಪನಿಯ ಗುರುತು, ಕೆಳಗೆ ಸಣ್ಣ ಅಕ್ಷರದಲ್ಲಿ ಹಾಡಿದವರ ಇಲ್ಲವೇ ಪಾತ್ರದ ಹೆಸರು ಇರುತ್ತದೆ.

ಹೆಚ್ಚು ಓದಬೇಕಿದ್ದರೆ ರಹಮತ್ ತರೀಕೆರೆ ಅವರು ಅಮೀರ್‌ಬಾಯಿ ಮೇಲೆ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಶಾಲೆಯ ಗ್ರಂಥಾಲಯಕ್ಕೆ ತರಿಸಿ. ಜೊತೆಗೆ ಬೀಳಗಿಯ ಹಿರಿಯರ ಹತ್ತಿರ ಮಕ್ಕಳನ್ನು ಕಳಿಸಿ, ಅಕ್ಕತಂಗಿಯರ ಬಗ್ಗೆ ಮನೆಮನೆಯಲ್ಲಿ ಏನು ನೆನಪು ಉಳಿದಿದೆ ಅಂತ ಬರೆದುಕೊಳ್ಳಲು ಹೇಳಿ. ಹೇಳುವವರ ಹೆಸರು, ವಯಸ್ಸು, ಯಾರಿಂದ ಕೇಳಿದ್ದು ಅನ್ನುವುದನ್ನೂ ಬರೆಯಿಸಿ. ಅಂಥ ಮಂದಿ ಈಗ ತುಂಬ ಕಡಿಮೆ ಇದ್ದಾರೆ, ಈ ಕೆಲಸವನ್ನು ಕಾರ್ಯಕ್ರಮಕ್ಕಿಂತ ಮುಂಚೆಯೇ ಶುರು ಮಾಡಿ.